ಹಳೇ ಬೋಟಿನ ಗೇರ್ ಬಿಗಿಯಾಗಿದೆಯಾ? ಮೊದಲು ಕೆಳಗಿನ ಕೇಬಲ್ ನೋಡಿ

ಬೋಟಿಗೆ ಬ್ರೇಕ್ ಇರುವುದಿಲ್ಲ. ದಡ ಹತ್ತಿರ ಬಂದಾಗ ಅದನ್ನು ನಿಲ್ಲಿಸುವುದು ರಿವರ್ಸ್ ಗೇರ್ ಒಂದೇ. ಅದು ಕೈಕೊಟ್ಟರೆ ಏನಾಗುತ್ತದೆ ಅಂತ ನನಗೆ ಒಂದು ಸಂಜೆ ಗೊತ್ತಾಯಿತು. ಮಗಳು ಹಗ್ಗ ಹಿಡಿದು ಮುಂದೆ ಕೂತಿದ್ದಳು, ಡಾಕ್ (ಬೋಟು ಕಟ್ಟುವ ಕಟ್ಟೆ) ಇನ್ನೊಂದು ಮೂವತ್ತು ಅಡಿ ದೂರ, ನಾನು ಲಿವರನ್ನು ಫಾರ್ವರ್ಡ್‌ನಿಂದ ನ್ಯೂಟ್ರಲ್‌ಗೆ ಎಳೆದೆ. ಎಂಜಿನ್ ಆಫ್. ಮತ್ತೆ ಕೀ ತಿರುಗಿಸುವಷ್ಟರಲ್ಲಿ ಪಕ್ಕದ ಬೋಟಿನವರು ಓಡಿ ಬಂದು ಕಾಲು ಕೊಟ್ಟು ತಡೆದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಇಲ್ಲಿ ಕಾರಿನ ನಂಬರ್ ಪ್ಲೇಟ್ ಮೇಲೇ '10,000 ಕೆರೆಗಳ ನಾಡು' ಅಂತ ಬರೆದಿರುತ್ತದೆ. ಹಳೇ ಬೋಟುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಹಾಗಾಗಿ ನಮ್ಮ ಕನ್ನಡದ ಗೆಳೆಯರಲ್ಲೂ ಇಬ್ಬರು ಮೂವರು ಕೊಂಡಿದ್ದಾರೆ. ನನ್ನದು 1988ರದು, 19 ಅಡಿ ಉದ್ದ, ಮರ್ಕ್ರೂಸರ್ ಬ್ರ್ಯಾಂಡಿನ 3.0 ಲೀಟರ್ ಎಂಜಿನ್, ಹಿಂದೆ ಆಲ್ಫಾ ಒನ್ ಡ್ರೈವ್. ಡ್ರೈವ್ ಅಂದರೆ ಬೋಟಿನ ಹಿಂದೆ ಹೊರಗಡೆ ಇರುವ, ಎಂಜಿನ್ ಬಲವನ್ನು ಪ್ರೊಪೆಲ್ಲರಿಗೆ ಸಾಗಿಸುವ ಭಾಗ. ಇದು ಆಲ್ಫಾದ ಮೊದಲ ತಲೆಮಾರು. 1991ರಿಂದ ಎರಡನೇ ತಲೆಮಾರು ಬಂತು. ಕೆಳಗೆ ಬರೆದಿರುವುದು ಮೊದಲನೆಯದಕ್ಕೆ. ಎರಡನೆಯದರಲ್ಲೂ ಕೇಬಲ್ಲಿನ ಕಥೆ ಹೆಚ್ಚುಕಮ್ಮಿ ಇದೇ. ಬ್ರಾವೋ ಅನ್ನುವ ಇನ್ನೊಂದು ಮಾದರಿಯ ಡ್ರೈವ್ ಇದ್ದವರು ಇದನ್ನು ಅನುಸರಿಸಬೇಡಿ, ಅದರ ಕ್ಲಚ್ಚೇ ಬೇರೆ ಥರ.

ಫಾರ್ವರ್ಡ್‌ನಿಂದ ನ್ಯೂಟ್ರಲ್‌ಗೆ ತರುವಾಗ ಎಂಜಿನ್ ನಿಂತುಹೋಗುವುದು ಈ ಡ್ರೈವಿನ ಹಳೇ ಕಾಯಿಲೆ. ಇದಕ್ಕೆ ಜನ ಕಾರ್ಬುರೇಟರ್ ಬಿಚ್ಚುತ್ತಾರೆ, ಪ್ಲಗ್ ಬದಲಿಸುತ್ತಾರೆ, ಐಡಲ್ (ವೇಗ ಕೊಡದೆ ಬಿಟ್ಟಾಗ ಎಂಜಿನ್ ಓಡುವ ವೇಗ) ಏರಿಸುತ್ತಾರೆ. ನಾನೂ ಅದನ್ನೆಲ್ಲ ಮಾಡಿ ಒಂದು ಬೇಸಿಗೆ ಕಳೆದುಕೊಂಡೆ. ಹತ್ತಿರದ ಒಂದು ವರ್ಕ್‌ಶಾಪಿನವರು ಗೇರ್ ಬಿಡಿಸುವಾಗ ಕೆಲಸ ಮಾಡುವ ಒಂದು ಸ್ವಿಚ್ಚನ್ನು (ಅದರ ಕಥೆ ಮುಂದೆ ಬರುತ್ತದೆ) ಹೊಸದು ಹಾಕಿ ದುಡ್ಡು ತೆಗೆದುಕೊಂಡರು. ಎರಡು ವಾರದಲ್ಲಿ ಮತ್ತೆ ಅದೇ ಕಾಟ. ತಪ್ಪು ಕೇಬಲ್ಲಿನಲ್ಲಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಎಲ್ಲ ಸುಲಭ. ಡ್ರೈವಿನ ಕೆಳಭಾಗದಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಮೇಲೆ, ಫಾರ್ವರ್ಡ್ ಗೇರು ಮತ್ತು ರಿವರ್ಸ್ ಗೇರು ಎದುರುಬದುರು ಇವೆ. ಎಂಜಿನ್ ಓಡುತ್ತಿರುವಾಗ ಎರಡೂ ಯಾವಾಗಲೂ ತಿರುಗುತ್ತಲೇ ಇರುತ್ತವೆ, ಒಂದು ಈ ಕಡೆ, ಇನ್ನೊಂದು ಆ ಕಡೆ. ಮಧ್ಯೆ ಒಂದು ಡಾಗ್ ಕ್ಲಚ್. ಅದಕ್ಕೆ ಎರಡೂ ಕಡೆ ದಪ್ಪ ಹಲ್ಲು. ಅದು ಮುಂದೆ ಸರಿದರೆ ಫಾರ್ವರ್ಡ್, ಹಿಂದೆ ಸರಿದರೆ ರಿವರ್ಸ್, ಮಧ್ಯೆ ನಿಂತರೆ ನ್ಯೂಟ್ರಲ್. ಎಂಜಿನ್ ತಳ್ಳುತ್ತಿರುವಾಗ ಈ ಹಲ್ಲುಗಳು ಒಂದನ್ನೊಂದು ಗಟ್ಟಿಯಾಗಿ ಒತ್ತಿ ಹಿಡಿದಿರುತ್ತವೆ, ಸುಮ್ನೆ ಎಳೆದರೆ ಬಿಡುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ಗೇರ್ ಬಿಡಿಸಲು ಜೋರು ಬೇಕಾದಾಗ ಒಂದು ಸಣ್ಣ ಸ್ವಿಚ್ ಒತ್ತಿಕೊಂಡು, ಕಣ್ಣು ಮಿಟುಕಿಸುವಷ್ಟು ಹೊತ್ತು ಇಗ್ನಿಷನ್ ಕಡಿದುಬಿಡುತ್ತದೆ. ಎಂಜಿನ್ ಒಂದೆರಡು ಸಲ ತಪ್ಪುತ್ತದೆ, ಹಲ್ಲು ಸಡಿಲವಾಗುತ್ತದೆ, ಗೇರ್ ಬಿಡುತ್ತದೆ, ಸ್ವಿಚ್ ವಾಪಸ್ ಬರುತ್ತದೆ. ಎಲ್ಲ ಸರಿ ಇದ್ದರೆ ನಿಮಗೆ ಒಂದು ಸಣ್ಣ 'ಬುರ್' ಕೇಳಿಸುತ್ತದೆ, ಅಷ್ಟೇ.

ಕೇಬಲ್ ಬಿಗಿಯಾಗಿದ್ದರೆ? ಕೇಬಲ್ಲಿನ ತಿಕ್ಕಾಟವನ್ನೇ ಆ ಸ್ವಿಚ್ ಗೇರಿನ ಬಿಗಿ ಅಂತ ತಿಳಿದುಕೊಳ್ಳುತ್ತದೆ. ಒತ್ತಿಕೊಂಡೇ ಇರುತ್ತದೆ. ಎಂಜಿನ್ ಸಾಯುತ್ತದೆ.

ಬಜಾಜ್ ಚೇತಕ್ ಓಡಿಸಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಎಡಗೈ ಹಿಡಿ ತಿರುಗಿಸಿದರೆ ಗೇರ್. ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿ ಕಲ್ಲಿನಂತಾಗುತ್ತಿತ್ತು, ಮೆಕ್ಯಾನಿಕ್ ಗೇರ್‌ಬಾಕ್ಸ್ ಮುಟ್ಟುತ್ತಲೇ ಇರಲಿಲ್ಲ, ಕೇಬಲ್ ಬದಲಿಸಿ ಕಳಿಸುತ್ತಿದ್ದ. ಇಲ್ಲೂ ಅದೇ ಬುದ್ಧಿ ಬೇಕು.

ಆಲ್ಫಾದಲ್ಲಿ ಕೇಬಲ್ ಎರಡು. ಮೇಲಿನದು ಲಿವರ್ ಬಾಕ್ಸಿನಿಂದ ಎಂಜಿನ್ ಮೇಲಿರುವ ಶಿಫ್ಟ್ ಪ್ಲೇಟಿನವರೆಗೆ ಬರುತ್ತದೆ. ಕೆಳಗಿನದು ಆ ಪ್ಲೇಟಿನಿಂದ ಹೊರಟು, ಬೋಟಿನ ಹಿಂಗೋಡೆ ದಾಟಿ, ಒಂದು ಸಣ್ಣ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯ ಕೊಳವೆ) ಒಳಗಿಂದ ಬೆಲ್ ಹೌಸಿಂಗ್, ಅಂದರೆ ಡ್ರೈವ್ ಕೂರುವ ಲೋಹದ ಕವಚ, ಸೇರುತ್ತದೆ. ಮೇಲಿನದು ಒಣಗಿದ ಜಾಗದಲ್ಲಿ ಇರುತ್ತದೆ, ಅದಕ್ಕೆ ಬಾಳಿಕೆ ಜಾಸ್ತಿ. ಕೆಳಗಿನದು ನೀರಿನ ಪಕ್ಕದಲ್ಲಿ, ಬೋಟು ತಿರುಗಿದಾಗಲೆಲ್ಲ ಬಾಗುತ್ತಾ, ಡ್ರೈವ್ ಎತ್ತಿದಾಗಲೆಲ್ಲ ಮಡಚುತ್ತಾ ಇರುತ್ತದೆ. ಹಾಳಾಗುವುದು ಹೆಚ್ಚಾಗಿ ಅದೇ.

ಬಿಚ್ಚುವ ಮೊದಲು ಪರೀಕ್ಷೆ ಮಾಡಿ, ಹತ್ತು ನಿಮಿಷ ಸಾಕು. ಎಂಜಿನ್ ಆಫ್ ಇರಲಿ, ಬ್ಯಾಟರಿ ತೆಗೆದಿರಲಿ. ಶಿಫ್ಟ್ ಪ್ಲೇಟಿನಲ್ಲಿ ಮೇಲಿನ ಕೇಬಲ್ ಬಿಡಿಸಿ, ಲಿವರ್ ಆಡಿಸಿ ನೋಡಿ. ನುಣುಪಾಗಿ ಹೋದರೆ ಅದು ಚೆನ್ನಾಗಿದೆ. ಈಗ ಒಬ್ಬರು ಹಿಂದೆ ನಿಂತು ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಿರಲಿ, ನೀವು ಪ್ಲೇಟಿನ ಮೇಲಿರುವ, ಕೇಬಲ್ ಸೇರುವ ಲೋಹದ ಕೈಯನ್ನು (ಆರ್ಮ್) ಹಿಡಿದು ಕೆಳಗಿನ ಕೇಬಲ್ಲನ್ನು ಹಿಂದೆ ಮುಂದೆ ಆಡಿಸಿ. ಬೆರಳಿನ ಬಲಕ್ಕೆ ಸರಿಯಬೇಕು. ಮರಳಿನಲ್ಲಿ ಎಳೆದ ಹಾಗೆ ಗರಗರ ಅಂದರೆ, ಅಥವಾ ಎರಡು ಕೈ ಹಾಕಬೇಕಾಗಿ ಬಂದರೆ, ಉತ್ತರ ಸಿಕ್ಕಿತು.

ಇನ್ನೊಂದು ಗುರುತೂ ಇದೆ, ನನಗೆ ನಂಬಿಕೆ ಬಂದದ್ದು ಇದನ್ನು ನೋಡಿದ ಮೇಲೆ. ಪ್ಲೇಟಿನ ಕೈಯಲ್ಲಿ ವಿ ಆಕಾರದ ಒಂದು ಕಚ್ಚು ಇದೆ. ಸ್ವಿಚ್ಚಿನ ಪುಟ್ಟ ರೋಲರ್ ಅದರ ತಳದಲ್ಲಿ ಕೂತಿರುತ್ತದೆ. ಬೋಟನ್ನು ಡಾಕಿಗೆ ಬಿಗಿಯಾಗಿ ಕಟ್ಟಿ, ಐಡಲ್‌ನಲ್ಲಿ ಒಬ್ಬರು ಗೇರ್ ಹಾಕಿ ತೆಗೆಯಲಿ, ನೀವು ಆ ರೋಲರನ್ನೇ ನೋಡಿ. ಅದು ಕಚ್ಚಿನ ಗೋಡೆ ಹತ್ತಿ ತಕ್ಷಣ ಇಳಿಯಬೇಕು. ನನ್ನದರಲ್ಲಿ ಹತ್ತಿ ಅಲ್ಲೇ ಕೂತುಬಿಟ್ಟಿತು. ಲಿವರ್ ನ್ಯೂಟ್ರಲ್‌ನಲ್ಲಿದೆ, ರೋಲರ್ ಇನ್ನೂ ಮೇಲೆಯೇ ಇದೆ, ಎಂಜಿನ್ ಗೊರಗೊರ ಅಂದು ನಿಂತಿತು. ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು!

ಕೆಲವರು ಆ ಸ್ವಿಚ್ಚಿನ ವೈರ್ ಕಿತ್ತು ಓಡಿಸುತ್ತಾರೆ. ಎಂಜಿನ್ ನಿಲ್ಲುವುದಿಲ್ಲ, ನಿಜ. ಆದರೆ ಹಲ್ಲು ಸಡಿಲವಾಗದೆ ನೀವು ಲಿವರನ್ನು ಜಗ್ಗುತ್ತೀರಿ, ಗೇರ್ ಅರ್ಧ ಕಚ್ಚಿ ಅರ್ಧ ಬಿಡುತ್ತದೆ, ಡಾಗ್ ಕ್ಲಚ್ಚಿನ ಮೂಲೆಗಳು ದುಂಡಗಾಗುತ್ತವೆ. ಕೇಬಲ್ಲಿನ ಖರ್ಚು ಉಳಿಸಲು ಹೋಗಿ ಕೆಳಗಿನ ಗೇರ್‌ಕೇಸನ್ನೇ ಕಳೆದುಕೊಳ್ಳುವ ದಾರಿ ಅದು. ದಯವಿಟ್ಟು ಬೇಡ.

ಹಾಗೇ ಮೆಲ್ಲಗೆ, ಮೃದುವಾಗಿ ಗೇರ್ ಹಾಕುವ ಅಭ್ಯಾಸವೂ ತಪ್ಪು. ಐಡಲ್‌ನಲ್ಲಿ, ಒಂದೇ ಏಟಿಗೆ, ಟಕ್ ಅಂತ ಹಾಕಬೇಕು. ನಿಧಾನವಾಗಿ ಸರಿಸಿದರೆ ಹಲ್ಲು ಹಲ್ಲಿನ ತುದಿಗೆ ಕಟಕಟ ಬಡಿಯುತ್ತದೆ. ಆ ಸದ್ದು ಬಂದಾಗಲೆಲ್ಲ ಒಂದಿಷ್ಟು ಲೋಹ ಹೋಯಿತು ಅಂತ ತಿಳಿಯಿರಿ.

ಈಗ ಕೆಲಸಕ್ಕೆ ಬರೋಣ. ಬೋಟು ಟ್ರೇಲರ್ ಮೇಲಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಿ. ಬ್ಯಾಟರಿ ಬಿಚ್ಚಿ. ಎಂಜಿನ್ ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಪ್ರೊಪೆಲ್ಲರ್ ತೆಗೆದಿಟ್ಟರೆ ಒಳ್ಳೆಯದು.

ಡ್ರೈವ್ ಆಯಿಲ್ ಕೆಳಗಿನ ಪ್ಲಗ್‌ನಿಂದ ಇಳಿಸಿ, ಇದನ್ನು ಗಮನ ಇಟ್ಟು ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಪ್ಲಗ್ ತುದಿಯಲ್ಲಿ ಬೂದಿಯಂಥ ಸಣ್ಣ ಪೇಸ್ಟ್ ಅಂಟಿದ್ದರೆ ಚಿಂತೆ ಇಲ್ಲ. ಬೆರಳಿಗೆ ಚುಚ್ಚುವ ಚೂರುಗಳು ಬಂದರೆ ಕೇಬಲ್ ಒಂದರಿಂದ ನಿಮ್ಮ ಕೆಲಸ ಮುಗಿಯುವುದಿಲ್ಲ.

ಲಿವರನ್ನು ಫಾರ್ವರ್ಡ್‌ಗೆ ಹಾಕಿ. ಇದನ್ನು ಮರೆಯಬೇಡಿ. ಆಲ್ಫಾ ಡ್ರೈವ್ ಬಿಚ್ಚುವುದೂ ಫಾರ್ವರ್ಡ್‌ನಲ್ಲಿ, ವಾಪಸ್ ಕೂರಿಸುವುದೂ ಫಾರ್ವರ್ಡ್‌ನಲ್ಲಿ. ಬೇರೆ ಗೇರಿನಲ್ಲಿ ಒಳಗಿನ ಶಿಫ್ಟ್ ಕೊಂಡಿ ಓರೆಯಾಗಿ ನಿಂತಿರುತ್ತದೆ, ಜೋರು ಮಾಡಿದರೆ ಮುರಿಯುತ್ತದೆ. ಟ್ರಿಮ್ ಸಿಲಿಂಡರ್‌ಗಳ (ಡ್ರೈವನ್ನು ಎತ್ತಿ ಇಳಿಸುವವು) ಹಿಂದಿನ ಪಿನ್ ತೆಗೆಯಿರಿ, ಸ್ಪೀಡೋಮೀಟರ್ ಪೈಪ್ ಇದ್ದರೆ ಬಿಡಿಸಿ, ಸುತ್ತಲಿನ ಆರು ನಟ್ ಬಿಚ್ಚಿ. ಡ್ರೈವನ್ನು ನೇರ ಹಿಂದಕ್ಕೆ ಎಳೆಯಿರಿ. ಭಾರ ಇದೆ, ಒಬ್ಬರೇ ಎತ್ತಲು ಹೋಗಬೇಡಿ. ನಾನು ಚಕ್ರ ಇರುವ ಒಂದು ಹಲಗೆ ಸ್ಟ್ಯಾಂಡ್ ಮಾಡಿಕೊಂಡೆ, ಹೆಂಡತಿ ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ.

ಡ್ರೈವ್ ಹೊರಗೆ ಬಂದ ಮೇಲೆ ಬೆಲ್ ಹೌಸಿಂಗಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೇಬಲ್ಲಿನ ತುದಿ ಒಂದು ಸಣ್ಣ ಕೊಂಡಿಗೆ ಕಾಟರ್ ಪಿನ್ನಿನಿಂದ ಸೇರಿರುತ್ತದೆ. ಪಿನ್ ತೆಗೆಯಿರಿ. ಬೋಟಿನ ಒಳಗೆ ಶಿಫ್ಟ್ ಪ್ಲೇಟಿನಲ್ಲಿ ಕೇಬಲ್ ಬಿಡಿಸಿ, ತುದಿಯ ಗೈಡ್‌ನಲ್ಲಿ ಒಳಗಿನ ತಂತಿಯನ್ನು ಹಿಡಿದಿರುವ ಸ್ಕ್ರೂ ಸಡಿಲಿಸಿ. ಆಗ ಒಳತಂತಿ ಡ್ರೈವ್ ಕಡೆಯಿಂದ ಎಳೆದರೆ ಬರುತ್ತದೆ.

ನನ್ನದು ಸುಲಭಕ್ಕೆ ಬರಲಿಲ್ಲ. ಇಕ್ಕಳದಲ್ಲಿ ಹಿಡಿದು ಇಂಚು ಇಂಚು ಎಳೆದೆ. ಒಂದು ಗೇಣಿನಷ್ಟು ಜಾಗದಲ್ಲಿ ತಂತಿ ಕಂದು ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು, ಬೆರಳಾಡಿಸಿದರೆ ಅರಿಶಿನ ಕುಂಕುಮ ಕಲಸಿದ ಹಾಗೆ ಪುಡಿ ಮೆತ್ತಿಕೊಂಡಿತು. ಹೊರಗಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಉಗುರಿನಷ್ಟು ಉದ್ದದ ಬಿರುಕು. ಅಲ್ಲಿಂದಲೇ ನೀರು ಒಳಗೆ ಹೋಗಿತ್ತು. ಎಣ್ಣೆ ಬಿಟ್ಟು ಇಂಥ ಕೇಬಲ್ಲನ್ನು ಬದುಕಿಸಬಹುದು ಅಂತ ಹೇಳುವವರಿದ್ದಾರೆ. ಒಂದು ವಾರ ನಡೆಯಬಹುದು. ಆ ಬಿರುಕು ಮುಚ್ಚುವುದಿಲ್ಲವಲ್ಲ.

ಹೊರ ಕವಚವನ್ನು ಬೆಲ್ ಹೌಸಿಂಗಿಗೆ ಹಿಡಿದಿರುವ ನಟ್ ತುಂಬಾ ಒಳಗಿದೆ, ಸಾಮಾನ್ಯ ಸ್ಪ್ಯಾನರ್ ಹೋಗುವುದಿಲ್ಲ. ಪಕ್ಕ ಸೀಳಿದ ಒಂದು ವಿಶೇಷ ಸಾಕೆಟ್ ಸಿಗುತ್ತದೆ, ಅದನ್ನು ಕೊಂಡುಕೊಳ್ಳಿ. ಇಕ್ಕಳ ಹಾಕಿ ನಟ್ಟಿನ ಮೂಲೆ ಸವೆಸಿದರೆ ಮತ್ತೆ ದೇವರೇ ಗತಿ. ಮೊದಲ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಮರುದಿನ ಸುಲಭ.

ಈಗ ಸಣ್ಣ ಬೆಲ್ಲೋಸ್. ಹೊಸ ಕೇಬಲ್ ಹಾಕುವಾಗ ಇದನ್ನೂ ಹೊಸದು ಹಾಕಿ, ಕ್ಲ್ಯಾಂಪ್ ಕೂಡ. ಇದು ಹರಿದರೆ ನೀರು ಬೋಟಿನ ಒಳಗೇ ಬರುತ್ತದೆ, ನಿಲ್ಲಿಸಿದಲ್ಲೇ ಬೋಟು ಮುಳುಗಬಹುದು. ಹತ್ತಿರವೇ ಇರುವ ದೊಡ್ಡ ಬೆಲ್ಲೋಸ್ ಎರಡನ್ನೂ ಮಡಿಕೆಗಳನ್ನು ಬಿಡಿಸಿ ನೋಡಿ. ಕೈ ಸರಿಯಾಗಿ ಹೋಗದಿದ್ದರೆ ಹಿಂಜ್ ಪಿನ್ ಬಿಚ್ಚಿ ಇಡೀ ಬೆಲ್ ಹೌಸಿಂಗನ್ನು ತೆಗೆಯಬೇಕಾಗುತ್ತದೆ, ಅದಕ್ಕೂ ಬೇರೆ ಟೂಲ್ ಇದೆ. ನಾನು ತೆಗೆದೆ. ಅರ್ಧ ದಿನ ಜಾಸ್ತಿ ಹಿಡಿಯಿತು, ಆದರೆ ಬೆಲ್ಲೋಸ್ ಸರಿಯಾಗಿ ಕೂತಿದೆ ಅಂತ ಕಣ್ಣಾರೆ ನೋಡಿದೆ.

ಹೌಸಿಂಗ್ ಕೈಯಲ್ಲಿರುವಾಗ ಬೆಲ್ ಕ್ರ್ಯಾಂಕ್ ಮತ್ತು ಅದರ ಬುಷ್ ಪರೀಕ್ಷಿಸಿ. ಕೇಬಲ್ಲಿನ ಎಳೆತವನ್ನು ತಿರುಗಾಟವಾಗಿ ಬದಲಿಸುವ ಸಣ್ಣ ಶಾಫ್ಟ್ ಬೆಲ್ ಕ್ರ್ಯಾಂಕ್; ಅದು ತಿರುಗಲು ಕೂರುವ ಕೊಳವೆ ಬುಷ್. ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಅದು ತಿರುಗಬೇಕು, ಅಲುಗಬಾರದು. ಅಲುಗಿದರೆ ಬುಷ್ ಸವೆದಿದೆ. ತಿರುಗಲು ಬಿಗಿಯಾಗಿದ್ದರೆ ತುಕ್ಕು, ಇಲ್ಲವೇ ಗಟ್ಟಿಯಾದ ಹಳೇ ಗ್ರೀಸ್. ಎರಡೂ ಕೆಟ್ಟದ್ದೇ, ಯಾಕೆಂದರೆ ಇಲ್ಲಿನ ಒಂದು ಮಿಲಿಮೀಟರ್ ಸಡಿಲ ಕೆಳಗೆ ಹೋಗುವಷ್ಟರಲ್ಲಿ ಕ್ಲಚ್ ಪೂರ್ತಿ ಕಚ್ಚದ ಹಾಗೆ ಮಾಡುತ್ತದೆ. ಶಾಫ್ಟ್, ಬುಷ್, ಸೀಲ್ ಒಟ್ಟಿಗೇ ಬದಲಿಸಿ, ಹಳೇ ಶಾಫ್ಟಿಗೆ ಹೊಸ ಬುಷ್ ಹಾಕಬೇಡಿ. ಹೊಸ ಬುಷ್ಷನ್ನು ಸುತ್ತಿಗೆಯಿಂದ ಹೊಡೆಯುವ ಬದಲು ಉದ್ದದ ಬೋಲ್ಟು, ಎರಡು ವಾಷರ್ ಹಾಕಿ ನಿಧಾನ ಬಿಗಿದು ಒಳಗೆ ಎಳೆದರೆ ನೇರವಾಗಿ ಕೂರುತ್ತದೆ.

ಹೊಸ ಕೇಬಲ್ ಹಾಕುವಾಗ ಒಳತಂತಿಯನ್ನು ಎಲ್ಲೂ ಮಡಚಬೇಡಿ. ಒಂದು ಸಲ ಮೂಲೆ ಬಿದ್ದರೆ ಹೊಸ ಕೇಬಲ್ಲೇ ಹಳೇದಾಯಿತು. ನಟ್ಟಿನ ಎಳೆಗಳಿಗೆ ಸೀಲೆಂಟ್ ಹಚ್ಚಿ. ಬೋಟಿನ ಒಳಗೆ ಕೇಬಲ್ ಹಳೇ ದಾರಿಯಲ್ಲೇ, ದೊಡ್ಡ ಬಳುಕಿನಲ್ಲಿ ಹೋಗಲಿ, ಎಕ್ಸಾಸ್ಟಿಗೆ ತಾಗದಿರಲಿ.

ಅಳತೆಯ ವಿಷಯದಲ್ಲಿ ಅಂದಾಜು ಬೇಡ. ಕೆಳಗಿನ ಕೇಬಲ್ಲಿನ ಹಿತ್ತಾಳೆ ಬ್ಯಾರಲ್ಲಿನ (ಕೇಬಲ್ ಮೇಲೆ ತಿರುಗಿಸಿ ಅಳತೆ ಹೊಂದಿಸುವ ತುಂಡು) ನಡುವಿನಿಂದ ಕೊನೆಯ ಗೈಡ್ ತೂತಿನ ನಡುವಿಗೆ ಸರಿಯಾಗಿ 6 ಇಂಚು, ಅಂದರೆ 152 ಮಿಲಿಮೀಟರ್ ಇರಬೇಕು. ಪ್ಲೇಟಿನ ಕೈಯ ಸೀಳಿನಲ್ಲಿರುವ ಸ್ಟಡ್, ಕೈ ತಿರುಗುವ ಬೋಲ್ಟಿನಿಂದ 3 ಇಂಚು, 76 ಮಿಲಿಮೀಟರ್ ದೂರದಲ್ಲಿರಲಿ. ಗೈಡ್ ಹಿಡಿಯುವ ಲಾಕ್‌ನಟ್ಟನ್ನು ಮುಟ್ಟುವವರೆಗೆ ತಿರುಗಿಸಿ, ಮತ್ತೆ ಅರ್ಧ ಸುತ್ತು ವಾಪಸ್ ಬಿಡಿ. ಗಟ್ಟಿ ಬಿಗಿದರೆ ಗೈಡ್ ತಿರುಗುವುದಿಲ್ಲ, ಹೊಸ ಕೇಬಲ್ ಹಾಕಿಯೂ ಹಳೇ ಬಿಗಿ ಬರುತ್ತದೆ. ಇದನ್ನು ತಪ್ಪು ಮಾಡುವವರು ಬಹಳ ಜನ.

ಡ್ರೈವ್ ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್, ಹೊಸ ಓ ರಿಂಗ್. ಸ್ಪ್ಲೈನ್‌ಗಳಿಗೆ (ಶಾಫ್ಟಿನ ಉದ್ದಕ್ಕೂ ಇರುವ ಗೀರುಹಲ್ಲುಗಳಿಗೆ) ಗ್ರೀಸ್. ಎಂಜಿನ್ನೂ ಡ್ರೈವೂ ಒಂದೇ ಸಾಲಿನಲ್ಲಿವೆಯಾ ಅಂತ ಅಲೈನ್‌ಮೆಂಟ್ ಬಾರ್ ಹಾಕಿ ನೋಡಿ, ಎರಡು ಬೆರಳಿನ ಬಲಕ್ಕೆ ಅದು ಒಳಗೆ ಹೋಗಬೇಕು. ಲಿವರ್ ಫಾರ್ವರ್ಡ್, ಡ್ರೈವ್ ಫಾರ್ವರ್ಡ್, ಶಿಫ್ಟ್ ಕೊಂಡಿಗಳು ನೇರವಾಗಿ ಎದುರುಬದುರು. ಕೊನೆಯ ಒಂದೆರಡು ಇಂಚು ಒಳಗೆ ಹೋಗದಿದ್ದರೆ ನಟ್ ಹಾಕಿ ಎಳೆಯಬೇಡಿ. ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನಿಂದ ನೋಡುತ್ತಾ ಎಡಕ್ಕೆ ಸ್ವಲ್ಪ ತಿರುಗಿಸಿ, ಸ್ಪ್ಲೈನ್ ಹೊಂದಿಕೊಂಡು ತಾನಾಗಿ ಜಾರುತ್ತದೆ. ಆರು ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ 50 ಫುಟ್ ಪೌಂಡ್, ಅಂದರೆ 68 ನ್ಯೂಟನ್ ಮೀಟರ್‌ಗೆ ತನ್ನಿ. ಆಯಿಲ್ಲನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಹೊರಬರುವವರೆಗೆ.

ಇನ್ನು ಮೇಲಿನ ಕೇಬಲ್ ಹೊಂದಿಸುವುದು. ಲಿವರ್ ನ್ಯೂಟ್ರಲ್‌ನಲ್ಲಿರಲಿ. ಕೇಬಲ್ ತುದಿಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಅಲ್ಲಿ ಒಂದು ಗುರುತು. ಹೊರಕ್ಕೆ ಎಳೆದು ಇನ್ನೊಂದು ಗುರುತು. ಎರಡರ ನಡುವೆ ಮೂರನೇ ಗುರುತು ಮಾಡಿ, ತುದಿಯನ್ನು ಅಲ್ಲಿ ನಿಲ್ಲಿಸಿ, ಬ್ಯಾರಲ್ ತಿರುಗಿಸುತ್ತಾ ತೂತುಗಳು ಸ್ಟಡ್‌ಗಳ ಮೇಲೆ ತಾವಾಗಿ ಕೂರುವ ಹಾಗೆ ಮಾಡಿ. ಎಳೆದು ಕೂರಿಸಬೇಡಿ.

ಆಮೇಲೆ ಎಂಜಿನ್ ಆಫ್ ಇರುವಾಗಲೇ ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಫಾರ್ವರ್ಡ್‌ನಲ್ಲಿ, ಹಿಂದಿನಿಂದ ನೋಡಿದಾಗ, ಎಡಕ್ಕೆ ತಿರುಗಿಸಿದರೆ ಕಚ್ಚಿಕೊಳ್ಳಬೇಕು, ಬಲಕ್ಕೆ ಟಕಟಕ ಅನ್ನಬಹುದು. ಬಲಗಡೆ ತಿರುಗುವ ಮಾಮೂಲಿ ಪ್ರೊಪೆಲ್ಲರಿಗೆ ಈ ಲೆಕ್ಕ. ರಿವರ್ಸ್‌ನಲ್ಲಿ ಎರಡೂ ಕಡೆ ಕಚ್ಚಬೇಕು. ಲಿವರ್ ಪೂರ್ತಿ ಎಳೆದರೂ ರಿವರ್ಸ್ ಕಚ್ಚದಿದ್ದರೆ ಸೀಳಿನ ಸ್ಟಡ್ಡನ್ನು ಚೂರು ಚೂರು ಸರಿಸಿ, ಮತ್ತೆ ನೋಡಿ.

ಇಷ್ಟೆಲ್ಲ ಸರಿ ಇದ್ದೂ, ವೇಗ ಕೊಟ್ಟಾಗ ಧಡ್ ಧಡ್ ಅಂತ ಗೇರ್ ಜಾರುತ್ತಿದ್ದರೆ, ಡಾಗ್ ಕ್ಲಚ್ಚೇ ಸವೆದಿದೆ. ಗೆಳೆಯನ ಬೋಟಿನಿಂದ ತೆಗೆದ ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಸ ಹಲ್ಲಿನ ಅಂಚು ಕತ್ತರಿಸಿದ ಬೆಲ್ಲದಚ್ಚಿನ ಹಾಗೆ ಚೂಪಾಗಿರುತ್ತದೆ. ಗೆಳೆಯನದು ಬಾಯಲ್ಲಿಟ್ಟು ತೆಗೆದ ಪೆಪ್ಪರಮಿಂಟಿನ ಹಾಗಿತ್ತು. ಕ್ಲಚ್ ಹೀಗಾದರೆ ಎದುರಿನ ಗೇರಿನ ಹಲ್ಲೂ ಹೀಗೇ ಆಗಿರುತ್ತದೆ, ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಶಿಮ್ (ಗೇರುಗಳ ಜಾಗ ಹೊಂದಿಸುವ ತೆಳು ಬಿಲ್ಲೆ) ಅಳೆಯಬೇಕು, ಹಲ್ಲುಗಳ ಸಂದನ್ನು ಡಯಲ್ ಗೇಜ್‌ನಲ್ಲಿ ನೋಡಬೇಕು. ಗ್ಯಾರೇಜಿನಲ್ಲಿ ಅಂದಾಜಿಗೆ ಜೋಡಿಸಿದ ಗೇರುಗಳು ಬೇಗ ತಿಂದುಹೋಗುತ್ತವೆ. ಕೇಬಲ್ಲು, ಬುಷ್ಷು, ಬೆಲ್ಲೋಸು ನೀವೇ ಮಾಡಿ. ಗೇರ್‌ಕೇಸ್ ಒಳಭಾಗವನ್ನು ಅದೇ ಕೆಲಸ ಮಾಡುವವರಿಗೆ ಕೊಡಿ.

ಮೊದಲ ಸಲ ನೀರಿಗಿಳಿಸಿದಾಗ ಟ್ರೇಲರ್ ಪಟ್ಟಿ ಬಿಚ್ಚುವ ಮೊದಲೇ ಬೋಟಿನೊಳಗೆ ಬಗ್ಗಿ ನೋಡಿ, ಹಿಂಗೋಡೆ ಹತ್ತಿರ ನೀರು ಒಸರುತ್ತಿದೆಯಾ ಅಂತ. ಎಂಜಿನ್ ಜಾಗದ ಪೆಟ್ರೋಲ್ ಆವಿಯನ್ನು ಹೊರಗೆ ತಳ್ಳುವ ಬ್ಲೋವರ್ ಫ್ಯಾನನ್ನು ನಾಲ್ಕೈದು ನಿಮಿಷ ಓಡಿಸಿ. ಐಡಲ್ ಗೇರಿನಲ್ಲಿ 650ರಿಂದ 700 ಆರ್‌ಪಿಎಂ ಇರಲಿ. ಡಾಕಿಗೆ ಕಟ್ಟಿಕೊಂಡೇ ಹತ್ತಿಪ್ಪತ್ತು ಸಲ ಗೇರ್ ಹಾಕಿ ತೆಗೆಯಿರಿ, ಯಾರಾದರೂ ಆ ರೋಲರನ್ನು ನೋಡುತ್ತಿರಲಿ. ನಮ್ಮಲ್ಲಿ ಅದನ್ನು ನೋಡಿದ್ದು ಮಗಳು. ಪ್ರತಿ ಸಲ ಅದು ಹತ್ತಿ ಇಳಿದಾಗ 'ಬಂತು' ಅಂತ ಕೂಗುತ್ತಿದ್ದಳು. ಇಪ್ಪತ್ತು ಸಲವೂ ಬಂತು.